ಹದಿನೇಳನೇ ನಂಬರಿನ ಸುರುಳಿ

"ಉದ್ದ ಐವತ್ತೂವರೆ ಸೆಂಟಿಮೀಟರ್. ಬರ್ಕೊಳ್ಳಿ ರುದ್ರೇಶ್."

ಸಬ್ ಇನ್‌ಸ್ಪೆಕ್ಟರ್ ರುದ್ರೇಶ್ ಬರೆದುಕೊಂಡ. ಯಾಕೆಂದು ಅವನಿಗೆ ತಿಳಿಯಲಿಲ್ಲ. ಕಳುವಾಗಿದ್ದು ನಕ್ಷೆಗಳು. ಸತ್ಯಭಾಮಾ ಅಳೆಯುತ್ತಿದ್ದುದು ಕಳುವಾಗದೆ ಮೇಜಿನ ಮೇಲೆ ಕೂತಿದ್ದ ಮರದ ಮಾದರಿಯನ್ನು.

ಶಿವಮೊಗ್ಗದ ವಿನೋಬನಗರದ ಶ್ರೀಗಂಧ ಕಲಾಶಾಲೆಯ ಸಂಗ್ರಹದ ಕೋಣೆಯಿಂದ, 2012ನೇ ಇಸವಿಯ ವಿದ್ಯಾರ್ಥಿಯೊಬ್ಬರ ನಕ್ಷೆಗಳ ಸುರುಳಿ ಬುಧವಾರ ಕಾಣೆಯಾಗಿತ್ತು. ಇವತ್ತು ಶನಿವಾರ. ಸಂಜೆ ನಾಲ್ಕಕ್ಕೆ ಶಾಲೆಯ ಹೊಸ ಸಭಾಭವನದ ಉದ್ಘಾಟನೆ.

"ಅಗಲ ಮೂವತ್ತು ಪಾಯಿಂಟ್ ಮೂರು. ಎತ್ತರ ಇಪ್ಪತ್ತು ಪಾಯಿಂಟ್ ಎರಡು." ಸತ್ಯಭಾಮಾ ಸ್ಕೇಲನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು.

ಅವರು ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ನಕ್ಷೆ ಬರೆದವರು. ನಿವೃತ್ತರಾದ ಮೇಲೆ ಪತ್ರ, ಸಹಿ, ನಕ್ಷೆಗಳ ವಿಷಯದಲ್ಲಿ ಎಲ್ಲಿ ತೊಡಕು ಬಂದರೂ ಪೊಲೀಸರು ಬಂದು ಅವರ ಮನೆಯ ಗೇಟು ತೆಗೆಯುವುದು ರೂಢಿಯಾಗಿತ್ತು.

ಕೋಣೆಯ ಸುತ್ತ ನಲವತ್ತು ವರ್ಷಗಳ ವಿದ್ಯಾರ್ಥಿಗಳ ಕೆಲಸ ತುಂಬಿತ್ತು. ರಟ್ಟಿನ ಬಸ್ ನಿಲ್ದಾಣದಲ್ಲಿ ಬೆಂಕಿಕಡ್ಡಿಯ ಪ್ರಯಾಣಿಕರು ನಿಂತಿದ್ದರು. ಒಂದು ವರ್ಷದವರು ಇಡೀ ಮೀನು ಮಾರುಕಟ್ಟೆಯನ್ನು ಥರ್ಮಾಕೋಲಿನಲ್ಲಿ ಕಡೆದಿದ್ದರು. ಅದರ ಚಾವಣಿಯನ್ನು ಇಲಿ ತಿಂದಿತ್ತು. ಗೋಡೆಗುಂಟ ಟ್ರೇಸಿಂಗ್ ಹಾಳೆಯ ಸುರುಳಿಗಳು, ಒಂದೊಂದಕ್ಕೂ ನಂಬರಿನ ಚೀಟಿ. ಹದಿನಾರು ಇತ್ತು, ಹದಿನೆಂಟು ಇತ್ತು. ಹದಿನೇಳು ಇರಲಿಲ್ಲ. ಅದು ಯಾರದೆಂದು ನೋಡೋಣವೆಂದರೆ ದಾಖಲೆ ಪುಸ್ತಕದಲ್ಲಿ 2012ರ ಹಾಳೆಯನ್ನೇ ಯಾರೋ ಹರಿದಿದ್ದರು.

ಮೇಜಿನ ಮೇಲಿದ್ದ ಮಾದರಿ ಇದೇ ಹೊಸ ಸಭಾಭವನದ್ದು. ತೇಗದ ತೆಳು ಪಟ್ಟಿಗಳಿಂದ ಮಾಡಿದ್ದು, ಎಲ್ಲಿಯೂ ಅಂಟಿನ ಕಲೆಯಿಲ್ಲ. ಸಂಜೆ ಬಾಗಿಲ ಬಳಿ ಇಡಲೆಂದು ಅದಕ್ಕೆ ಹೊಳೆಯುವ ಹಿತ್ತಾಳೆ ಫಲಕ ಹೊಡೆದಿದ್ದರು. ಪರಿಕಲ್ಪನೆ: ಪ್ರೊ. ಪ್ರಸನ್ನಕುಮಾರ್, ಪ್ರಾಂಶುಪಾಲರು.

ಕಳುವಿನ ದೂರು ಕೊಟ್ಟವರೂ ಅದೇ ಪ್ರಸನ್ನಕುಮಾರ್. ಬೆಳಿಗ್ಗೆಯಿಂದ ಮೂರು ಸಲ ಬಂದು ಹೋಗಿದ್ದರು. ಕದ್ದವರು ಸಿಗದಿದ್ದರೂ ಚಿಂತೆಯಿಲ್ಲ, ಸುರುಳಿ ಮಾತ್ರ ನಾಲ್ಕು ಗಂಟೆಯೊಳಗೆ ತಮ್ಮ ಕೈ ಸೇರಬೇಕೆಂದು ಮೂರು ಸಲವೂ ಹೇಳಿದ್ದರು. ಹದಿಮೂರು ವರ್ಷ ಯಾರೂ ಬಿಚ್ಚಿ ನೋಡದ ಹಳೇ ಹಾಳೆಗಳಿಗೆ ಇಷ್ಟೊಂದು ಅವಸರವೇಕೆ ಎಂದು ಸತ್ಯಭಾಮಾ ಕೇಳಿದಾಗ, ಸಂಸ್ಥೆಯ ಆಸ್ತಿ ಎಂದಷ್ಟೇ ಉತ್ತರಿಸಿದ್ದರು. ಮಾದರಿಯನ್ನು ಮಾಡಿದ್ದು ಯಾರೆಂದು ಕೇಳಿದ್ದಕ್ಕೆ, ತಾವೇ ಮುಂದೆ ನಿಂತು ಗಾಂಧಿ ಬಜಾರಿನ ಬಡಗಿಯೊಬ್ಬನಿಂದ ಮಾಡಿಸಿದ್ದು, ಅವನೀಗ ಬದುಕಿಲ್ಲ ಎಂದಿದ್ದರು.

"ಸುಳ್ಳು ಹೇಳಿದ್ದಾರೆ," ಎಂದರು ಸತ್ಯಭಾಮಾ ಈಗ.

ರುದ್ರೇಶ್ ತಲೆಯೆತ್ತಿದ.

ಅವರು ಅವನ ಪುಸ್ತಕವನ್ನು ತಮ್ಮತ್ತ ತಿರುಗಿಸಿಕೊಂಡು ವಿವರಿಸಿದರು. ಮಾದರಿ ಅಸಲಿನ ಐವತ್ತನೇ ಒಂದು ಪಾಲು ಎಂದು ಪೀಠದ ಮೇಲೆಯೇ ಬರೆದಿದೆ. ಹೊರಗೆ ಕಟ್ಟಿರುವ ಭವನ ಇಪ್ಪತ್ತೈದು ಮೀಟರ್ ಉದ್ದ, ಹದಿನೈದು ಅಗಲ, ಹತ್ತು ಎತ್ತರ. ಹಾಗಾದರೆ ಇಲ್ಲಿ ಐವತ್ತು, ಮೂವತ್ತು, ಇಪ್ಪತ್ತು ಸೆಂಟಿಮೀಟರ್ ಬರಬೇಕಿತ್ತು. ಬಂದಿರುವುದು ಎಲ್ಲವೂ ನೂರಕ್ಕೆ ಒಂದರಷ್ಟು ಹೆಚ್ಚು.

"ಕೈ ತಪ್ಪಿದ್ರೆ ಒಂದು ಕಡೆ ಜಾಸ್ತಿ ಆಗುತ್ತೆ, ಇನ್ನೊಂದು ಕಡೆ ಕಡಿಮೆ. ಇಲ್ಲಿ ಎಲ್ಲಾ ಕಡೆ ಒಂದೇ ಸಮ ಜಾಸ್ತಿ. ಕೈ ತಪ್ಪಿಲ್ಲ ರುದ್ರೇಶ್. ಅಳತೆ ಹಿಡಿದ ಸ್ಕೇಲೇ ಉದ್ದ ಇತ್ತು."

ಅಂಥ ಸ್ಕೇಲನ್ನು ಅವರು ಒಮ್ಮೆ ನೋಡಿದ್ದರು. ಸೇತುವೆಯ ಎರಕದ ಭಾಗಗಳನ್ನು ಪರೀಕ್ಷಿಸಲು ಹೋದಾಗ, ಮರದ ಅಚ್ಚು ಮಾಡುವವನೊಬ್ಬ ತೋರಿಸಿದ್ದ. ಕರಗಿಸಿ ಎರೆದ ಕಬ್ಬಿಣ ಆರಿದಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಅದಕ್ಕೇ ಅಚ್ಚಿನವರ ಸ್ಕೇಲು ಅಷ್ಟು ಉದ್ದವಾಗಿಯೇ ಇರುತ್ತದೆ. ಪೇಟೆಯ ಬಡಗಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಈ ಮಾದರಿ ಕಾರ್ಖಾನೆಯಲ್ಲಿ ಅಚ್ಚು ಮಾಡುತ್ತಿದ್ದ ಯಾರದೋ ಮನೆಯಿಂದ ಬಂದಿದೆ.

"ಅಂದ್ರೆ ಭದ್ರಾವತಿ, ಅಂಥ ಕಾರ್ಖಾನೆ ಇರೋದು ಅಲ್ಲೇ," ಎಂದ ರುದ್ರೇಶ್.

ಕೋಣೆಯ ಇನ್ನೊಂದು ತುದಿಯಲ್ಲಿ ಬ್ರಶ್ಶಿನಿಂದ ಮಾದರಿಗಳ ಧೂಳು ತೆಗೆಯುತ್ತಿದ್ದ ಸಂಗ್ರಹದ ಉಸ್ತುವಾರಿ ಜಯಾ ಕೈ ನಿಲ್ಲಿಸಿದಳು.

ಸತ್ಯಭಾಮಾ ಅದನ್ನು ಗಮನಿಸಿದರು. ಆದರೆ ಆಗಲೇ ಕೇಳಲಿಲ್ಲ. ಮೊದಲು ಎದ್ದು ಹೊರಗೆ ಹೋಗಿ ಹೊಸ ಸಭಾಭವನವನ್ನು ಇನ್ನೊಮ್ಮೆ ನೋಡಿಕೊಂಡು ಬಂದರು.

ಮಾದರಿಯಲ್ಲಿ ಬಾಲ್ಕನಿಯ ಅಂಚಿನ ಕೆಳಗೆ ಎರಡು ಸಪೂರ ಕಂಬಗಳಿದ್ದವು. ಕಟ್ಟಡದಲ್ಲಿ ಅವು ಇರಲಿಲ್ಲ. ಗೋಡೆಯಿಂದ ಗೋಡೆಗೆ ಒಂದೇ ಒಂದು ತೊಲೆ, ಅದರ ಮೇಲೆ ಇಡೀ ಬಾಲ್ಕನಿ. ಕುರ್ಚಿ ಸಾಲಿನ ನಡುವೆ ಓಡಾಡುತ್ತಿದ್ದ ಪ್ರಸನ್ನಕುಮಾರ್, ಕಂಬ ತೆಗೆಸಿದ್ದು ತಾವೇ ಎಂದು ಹೆಮ್ಮೆಯಿಂದ ಹೇಳಿಕೊಂಡರು. ಹಿಂದೆ ಕೂತವರಿಗೆ ವೇದಿಕೆ ಮರೆಯಾಗುತ್ತಿತ್ತಂತೆ. ತೊಲೆಯ ಅಡಿಯಲ್ಲಿ, ನಟ್ಟನಡುವೆ, ಒಂದು ಮೊಳ ಉದ್ದಕ್ಕೆ ಪುಟ್ಟಿ ಬಳಿದು ಹೊಸ ಬಣ್ಣ ಹಚ್ಚಿತ್ತು. ಬಣ್ಣ ಇನ್ನೂ ಹಸಿಯಾಗಿತ್ತು. ಅದೇನೆಂದು ಕೇಳಿದ್ದಕ್ಕೆ, ಗಾರೆ ಒಣಗುವಾಗ ಬಿಟ್ಟ ಗೆರೆ ಎಂದರು.

ಸತ್ಯಭಾಮಾ ವಾಪಸು ಬಂದಾಗ ಜಯಾ ಬ್ರಶ್ಶು ಕೆಳಗಿಟ್ಟು ಕಾಯುತ್ತಿದ್ದಳು. ಇಪ್ಪತ್ತಾರು ವರ್ಷ ಈ ಕೋಣೆಯ ಬೀಗದ ಕೈ ಇಟ್ಟುಕೊಂಡವಳು. ಯಾವ ರಟ್ಟಿನ ಮನೆ ಯಾರದೆಂದು ಚೀಟಿ ನೋಡದೆ ಹೇಳಬಲ್ಲಳು.

ಕೇಳುವ ಮೊದಲೇ ಅವಳು ಹೇಳಿದಳು. ಮಾದರಿಯೂ ಹದಿನೇಳನೇ ಸುರುಳಿಯೂ ಒಬ್ಬಳದೇ. ಸ್ಪಂದನಾ ಎಂದು ಹೆಸರು, ಭದ್ರಾವತಿಯ ಕಾಗದನಗರದ ಹುಡುಗಿ. ಕೊನೆಯ ವರ್ಷದ ಪರೀಕ್ಷೆಗೆಂದು ಸಭಾಭವನದ ನಕ್ಷೆ ಬರೆದು ತಂದಿದ್ದಳು. ಆಗ ಪ್ರಸನ್ನಕುಮಾರ್ ಕಟ್ಟಡ ವಿನ್ಯಾಸ ವಿಭಾಗದ ಮುಖ್ಯಸ್ಥರು. ಅವಳನ್ನು ಫೇಲು ಮಾಡಿ ನಕ್ಷೆ, ಮಾದರಿ ಎರಡನ್ನೂ ಸಂಗ್ರಹಕ್ಕೆ ಹಾಕಿಸಿದರು. ಐದಾರು ವರ್ಷ ಬಿಟ್ಟು ಮಾದರಿ ಅವರ ಕೋಣೆಗೆ ಹೋಯಿತು.

ಒಂದು ತಿಂಗಳ ಹಿಂದೆ ಅವರು ಇದ್ದಕ್ಕಿದ್ದಂತೆ ಸುರುಳಿಯನ್ನೂ ಕೇಳಿದರಂತೆ. ಜಯಾ ಅದನ್ನು ಮೀನು ಮಾರುಕಟ್ಟೆಯ ಕೆಳಗೆ ತುರುಕಿ, ಸಿಗುತ್ತಿಲ್ಲ ಎಂದಿದ್ದಳು. ಬುಧವಾರ ಪ್ರದರ್ಶನದ ಸ್ಟ್ಯಾಂಡುಗಳನ್ನು ಜೋಡಿಸಲು ಬಂದ ಕೆಲಸಗಾರರಲ್ಲಿ ಒಬ್ಬ ಮುದುಕನನ್ನು ಕಂಡು ಅವಳಿಗೆ ಗುರುತು ಹತ್ತಿತು.

"ಅವಳಪ್ಪ ಮೇಡಂ. ಕಾಗದದ ಮಿಲ್ಲಿನ ಎರಕದ ಶೆಡ್ಡಲ್ಲಿ ಮರದ ಅಚ್ಚು ಮಾಡ್ತಿದ್ರು. ಸುರುಳಿ ಎಲ್ಲಿದೆ ಅಂತ ನಾನೇ ಕಣ್ಸನ್ನೆ ಮಾಡ್ದೆ. ಚೀಲಕ್ಕೆ ಹಾಕ್ಕೊಳ್ಳೋ ತನಕ ಆ ಕಡೆ ತಿರುಗಿ ನಿಂತಿದ್ದೆ. ಸರ್ ದಿನಾ ಹುಡುಕು ಅಂತಿದ್ರಲ್ಲ, ಸಂಜೆ ಕಳುವಾಯ್ತು ಅಂತ ನಾನೇ ಹೇಳಿಬಿಟ್ಟೆ. ಕೇಸ್ ಹಾಕೋದಿದ್ರೆ ನನ್ನ ಮೇಲೂ ಹಾಕಿ."

ರುದ್ರೇಶ್ ಅವಳ ಹೇಳಿಕೆಯನ್ನು ಬರೆದುಕೊಳ್ಳಲಿಲ್ಲ. ಜೀಪಿನ ಕೀ ಹುಡುಕಿಕೊಂಡ.

ಅವರು ಕಾಗದನಗರ ತಲುಪಿದಾಗ ಮೂರು ಗಂಟೆಗೆ ಹತ್ತು ನಿಮಿಷವಿತ್ತು. ಮಿಲ್ಲು ನಿಂತ ಮೇಲೆ ಅಲ್ಲಿನ ಕ್ವಾರ್ಟರ್ಸಿನ ಸಾಲುಗಳಲ್ಲಿ ಒಂದು ಮನೆ ತೆರೆದಿದ್ದರೆ ಮೂರು ಮನೆಗಳಿಗೆ ಬೀಗ. ಖಾಲಿ ಮನೆಗಳ ಅಂಗಳದಲ್ಲಿ ಲಂಟಾನ ಬೆಳೆದಿತ್ತು. ತಮಿಳಿನಲ್ಲಿ ಮಾತಾಡಿಕೊಳ್ಳುತ್ತ ಹೋಗುತ್ತಿದ್ದ ಇಬ್ಬರು ಹೆಂಗಸರು ಅಚ್ಚಿನ ಕೊಟ್ರಬಸಪ್ಪನ ಮನೆಯನ್ನು ತೋರಿಸಿದರು.

ಕೊಟ್ರಬಸಪ್ಪ ಹೊರಗೆ ಹೊರಟು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಸುರುಳಿ. ಜೀಪು ನೋಡಿ ಓಡಲಿಲ್ಲ. ಬಾಗಿಲು ಪೂರ್ತಿ ತೆರೆದು ಒಳಗೆ ಕರೆದರು.

ಕದ್ದಿದ್ದನ್ನು ಅವರು ಅಲ್ಲಗಳೆಯಲಿಲ್ಲ. ನಾಲ್ಕು ಗಂಟೆಯ ಸಮಾರಂಭಕ್ಕೇ ಹೊರಟಿದ್ದಾಗಿ ಹೇಳಿದರು. ಪ್ರಸನ್ನಕುಮಾರ್ ಶಾಲು ಹೊದೆಸಿಕೊಳ್ಳುವ ಹೊತ್ತಿಗೆ ವೇದಿಕೆಯ ಮುಂದೆ ನಿಂತು ಈ ಹಾಳೆಗಳನ್ನು ಬಿಚ್ಚಬೇಕು, ಮೂಲೆಯಲ್ಲಿರುವ ಸಹಿಯನ್ನು ಸಭೆಯೆಲ್ಲ ಓದಬೇಕು. ಆಮೇಲೆ ಜೈಲಿಗೆ ಹಾಕಿದರೂ ಸರಿ.

"ಮಗಳನ್ನ ಫೇಲು ಮಾಡಿದ್ರು ಅನ್ನೋ ಸಿಟ್ಟಾ?" ಎಂದು ರುದ್ರೇಶ್ ಕೇಳಿದ.

ಕೊಟ್ರಬಸಪ್ಪ ಒಳಗಿನಿಂದ ಒಂದು ಕಬ್ಬಿಣದ ಪೆಟ್ಟಿಗೆ ತಂದರು. ಅದರೊಳಗಿನಿಂದ ಸವೆದ ಉಕ್ಕಿನ ಸ್ಕೇಲೊಂದನ್ನು ತೆಗೆದು ಸತ್ಯಭಾಮಾರ ಮುಂದಿಟ್ಟರು. ಸತ್ಯಭಾಮಾ ಚೀಲದಿಂದ ತಮ್ಮ ಸ್ಕೇಲು ತೆಗೆದು ಪಕ್ಕದಲ್ಲಿ ಜೋಡಿಸಿದರು. ಎರಡರಲ್ಲಿಯೂ ಮೂವತ್ತು ಸೆಂಟಿಮೀಟರಿನ ಗುರುತುಗಳೇ ಇದ್ದವು. ಕೊಟ್ರಬಸಪ್ಪನದು ಮೂರು ಮಿಲಿಮೀಟರ್ ಆಚೆಗೆ ಚಾಚಿತ್ತು.

"ಇದನ್ನ ಅವಳ ಕೈಗೆ ಕೊಟ್ಟಿದ್ದು ನಾನಮ್ಮ," ಎಂದರು ಅವರು. "ಅವಳ ಸ್ಕೇಲು ಮುರಿದಿತ್ತು. ನೈಟ್ ಶಿಫ್ಟು ಮುಗ್ಸಿ ಮಲಗಿದ್ದೆ. ಅಪ್ಪಾ, ನಿಂದು ಕೊಡು ಅಂದ್ಲು. ನಿದ್ದೆಗಣ್ಣಲ್ಲಿ ಕೈಗೆ ಸಿಕ್ಕಿದ್ದು ಕೊಟ್ಟೆ. ಎರಡು ತಿಂಗಳು ಹಿತ್ಲಲ್ಲಿ ಕೂತು ಅವಳೇ ಕೆತ್ತಿದ್ದು ಅದು. ನಾನು ಒಂದು ಮೊಳೆ ಹೊಡ್ದಿಲ್ಲ."

ಪರೀಕ್ಷೆಯ ದಿನ ಪ್ರಸನ್ನಕುಮಾರ್ ಎಲ್ಲರ ಎದುರು ಮಾದರಿಗೆ ಸ್ಕೇಲು ಹಿಡಿದರು. ಅರ್ಧ ಸೆಂಟಿಮೀಟರ್ ಹೆಚ್ಚು ಬಂತು. ಅಳತೆ ಬಾರದವಳು ಕಟ್ಟಡ ಕಟ್ಟುತ್ತಾಳಂತೆ ಎಂದು ನಕ್ಕರು. ಇಷ್ಟು ನಯವಾದ ಕೆಲಸ ಹೆಣ್ಣುಮಗಳದ್ದಲ್ಲ, ಅಪ್ಪ ಮಾಡಿಕೊಟ್ಟಿದ್ದು ಎಂದೂ ಸೇರಿಸಿದರು. ಸ್ಪಂದನಾ ಆ ಸಂಜೆ ಮನೆಗೆ ಬಂದು ಅಪ್ಪನನ್ನು ಒಂದೇ ಪ್ರಶ್ನೆ ಕೇಳಿದಳು. ಈ ಸ್ಕೇಲು ಯಾವುದಕ್ಕೆ ಬಳಸೋದು ಎಂದು. ಅದಾದ ಮೇಲೆ ಆ ಮನೆಯಲ್ಲಿ ಮಾದರಿಯ ಸುದ್ದಿ ಬರಲಿಲ್ಲ. ಕೊಟ್ರಬಸಪ್ಪ ಮತ್ತೆ ಪೆಟ್ಟಿಗೆ ಮುಟ್ಟಲಿಲ್ಲ.

ಹೋದ ವರ್ಷ, ಕಟ್ಟುತ್ತಿರುವ ಭವನದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದರು. ಹಿತ್ತಲಲ್ಲಿ ಎರಡು ತಿಂಗಳು ಕಣ್ಣೆದುರು ಬೆಳೆದ ಕಟ್ಟಡ ಗುರುತು ಸಿಗದೆ ಇರುತ್ತದೆಯೇ? ಕೆಳಗೆ ಹೆಸರು ಬೇರೆಯವರದಿತ್ತು.

"ಅಳತೆ ತಪ್ಪು ಅಂತ ಬಿಸಾಕಿದ್ರಲ್ಲಮ್ಮ. ತಪ್ಪಿದ್ದನ್ನ ಯಾಕೆ ಕದ್ರು? ಇದೊಂದು ಮಾತು ನಾನು ಅಲ್ಲಿ ಕೇಳ್ಬೇಕು. ಸಾಯೋದ್ರೊಳಗೆ ಅವನ ಮುಖ ಸಭೇಲಿ ಇಳಿಯೋದು ನೋಡ್ಬೇಕು."

ಅವರ ದನಿ ಏರಲಿಲ್ಲ. ಸ್ಕೇಲನ್ನು ಮತ್ತೆ ಕೈಗೆತ್ತಿಕೊಂಡರು.

ಸತ್ಯಭಾಮಾ ಸುರುಳಿಯನ್ನು ನೆಲದ ಮೇಲೆ ಬಿಚ್ಚಿದರು. ಆರು ಹಾಳೆಗಳು. ಎಳೆದ ಗೆರೆಗಳಲ್ಲಿ ಎಲ್ಲಿಯೂ ಅನುಮಾನವಿಲ್ಲ. ಮೂವತ್ತೆರಡು ವರ್ಷದಲ್ಲಿ ತಾವು ಹೆಚ್ಚೆಂದರೆ ಇಂಥ ಹತ್ತು ಹಾಳೆ ಬರೆದಿರಬಹುದು ಅನ್ನಿಸಿತು. ನಾಲ್ಕನೆಯ ಹಾಳೆಯಲ್ಲಿ ಬಾಲ್ಕನಿಯ ವಿವರವಿತ್ತು. ಎರಡು ಕಂಬಗಳ ಪಕ್ಕದಲ್ಲಿ ಪುಟ್ಟ ಅಕ್ಷರಗಳಲ್ಲಿ ಬರೆದಿತ್ತು: ಇವನ್ನು ತೆಗೆಯಬಾರದು.

"ಕಟ್ಟಡದಲ್ಲಿ ಈ ಕಂಬಗಳಿಲ್ಲ, ಕೊಟ್ರಬಸಪ್ಪನವರೇ," ಎಂದರು ಅವರು. "ನಿಮಗೆ ಗೊತ್ತಿತ್ತಾ?"

ಅವರಿಗೆ ಗೊತ್ತಿರಲಿಲ್ಲ. ಬುಧವಾರ ಅವರು ಹೊಸ ಭವನದೊಳಗೆ ಹೋಗಿಯೇ ಇರಲಿಲ್ಲ. ಅಲ್ಲಿಗೆ ಕಾಲಿಡಲು ಮನಸ್ಸು ಬರಲಿಲ್ಲ ಎಂದರು.

"ನಂಗೆ ಗೊತ್ತಿತ್ತು."

ಹಿತ್ತಲ ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಮೂವತ್ತೈದರ ಆಸುಪಾಸು, ಬೋಳು ಕೈ, ಕನ್ನಡಕ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ ತಿಳಿಯದು. ಬಂದು ನೆಲದ ಮೇಲಿನ ಹಾಳೆಗಳ ಪಕ್ಕದಲ್ಲಿ ಕೂತಳು. ಅವುಗಳನ್ನು ಮುಟ್ಟಲಿಲ್ಲ. ತಾನು ಸ್ಪಂದನಾ ಎಂದಳು.

ಮುಂದಿನದನ್ನು ಅವಳು ತಂದೆಯ ಕಡೆ ನೋಡದೆ ಹೇಳಿದಳು. ಫೇಲಾದ ಮೇಲೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಕ್ಷೆ ಬರೆದುಕೊಡುವ ಸಣ್ಣ ಆಫೀಸೊಂದನ್ನು ಸೇರಿದ್ದಳು. ಎಂಜಿನಿಯರುಗಳು ಗೀಚಿ ಕೊಟ್ಟಿದ್ದನ್ನು ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಬರೆಯುವ ಕೆಲಸ. ಬರೆದವರ ಹೆಸರು ಎಲ್ಲಿಯೂ ಬರುವುದಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಸಭಾಭವನದ ಕೆಲಸ ಬಂತು. ತೆರೆದು ನೋಡಿದರೆ ಅವಳದೇ ಭವನ.

ಪ್ರಸನ್ನಕುಮಾರ್ ಎರಡು ದಿನ ಅವಳ ಕುರ್ಚಿಯ ಹಿಂದೆಯೇ ನಿಂತು ತಿದ್ದುಪಡಿ ಹೇಳಿದರು. ಅದು ಕೊರೊನಾ ಕಾಲ. ಅವಳು ಮಾಸ್ಕ್ ಹಾಕಿಕೊಂಡಿದ್ದಳು. ಅವರಿಗೆ ಗುರುತೇ ಸಿಗಲಿಲ್ಲ. ಎರಡನೆಯ ದಿನ ಪರದೆಗೆ ಬೆರಳಿಟ್ಟು, ಈ ಎರಡು ಕಂಬ ತೆಗಿಯಮ್ಮ, ಇದ್ಯಾವನೋ ದಡ್ಡ ಹಾಕಿದ್ದು ಎಂದರು.

"ತೆಗ್ದೆ," ಎಂದಳು ಸ್ಪಂದನಾ. "ಕಂಬದ ಬದಲು ದೊಡ್ಡ ತೊಲೆ ಕೊಡಿ, ಅದರ ಅಡಿಗೆ ಕಬ್ಬಿಣದ ದಪ್ಪ ಕಂಬಿ ಹನ್ನೆರಡು ಹಾಕಿ ಅಂತ ಎಂಜಿನಿಯರು ಬರ್ದು ಕೊಟ್ರು. ನಾನು ಏಳು ಎಳ್ದೆ. ಅವರು ನೋಡ್ದೇ ಸಹಿ ಹಾಕಿದ್ರು."

ರುದ್ರೇಶ್ ಅರ್ಥವಾಗದೆ ಸತ್ಯಭಾಮಾರ ಮುಖ ನೋಡಿದ. ಅವರು ಆಗಲೇ ಗಡಿಯಾರ ನೋಡುತ್ತಿದ್ದರು.

"ಕಂಬ ತೆಗ್ಸಿದ್ದು ಅವರು ಸಾರ್," ಎಂದು ಅವಳೇ ಅವನಿಗೆ ಬಿಡಿಸಿ ಹೇಳಿದಳು. "ಕಂಬಿ ತೆಗ್ದಿದ್ದು ನಾನು. ಖಾಲಿ ಇದ್ರೆ ನಿಲ್ಲುತ್ತೆ. ಬಾಲ್ಕನಿ ಮೇಲೆ ಜನ ತುಂಬಿದ್ರೆ ನಿಲ್ಲಲ್ಲ."

ಕೊಟ್ರಬಸಪ್ಪನ ಕೈಯಿಂದ ಸ್ಕೇಲು ನೆಲಕ್ಕೆ ಬಿತ್ತು. ಅವರು ಮಗಳನ್ನು ಬೈಯಲಿಲ್ಲ. ಗೋಡೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು.

ರುದ್ರೇಶ್ ಆಗಲೇ ಫೋನು ತೆಗೆದಿದ್ದ. ಭವನದ ಬಾಗಿಲಲ್ಲಿ ಕಾವಲಿಗೆ ಹಾಕಿದ್ದ ಕಾನ್‌ಸ್ಟೇಬಲ್ ಉಜ್ಜನಪ್ಪನಿಗೆ ಕರೆ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಸ್ಟೇಷನ್ನಿಗೆ ಮಾಡಿದ. ಜೀಪು ಕಳಿಸುವುದಾಗಿ ಹೇಳಿದರು, ಹತ್ತು ಹದಿನೈದು ನಿಮಿಷ ಬೇಕು.

ಸತ್ಯಭಾಮಾ ಸ್ಪಂದನಾಳ ಮುಂದೆ ಮೊಣಕಾಲೂರಿ ಕೂತರು. ಅವರಿಗೆ ಅಷ್ಟು ಸಿಟ್ಟು ಬಂದಿದ್ದನ್ನು ರುದ್ರೇಶ್ ಯಾವತ್ತೂ ನೋಡಿರಲಿಲ್ಲ. ಆ ಮನುಷ್ಯನ ಮೇಲಿನ ಹಗೆಗೆ ಬಾಲ್ಕನಿಯಲ್ಲಿ ಕೂರುವವರು ಏನು ಮಾಡಿದ್ದರು ಎಂದು ಕೇಳಿದರು.

ಸ್ಪಂದನಾ ಎದ್ದು ಒಳಗೆ ಹೋಗಿ ಒಂದು ಕಾರ್ಡು ತಂದು ಅವರ ಕೈಗಿಟ್ಟಳು. ರಿಜಿಸ್ಟರ್ಡ್ ಪತ್ರ ತಲುಪಿದ್ದಕ್ಕೆ ಮರಳಿ ಬಂದ ರಸೀತಿ. ತಾರೀಖು ತಿಂಗಳ ಹಿಂದಿನದು. ಪಡೆದವರ ಸಹಿ ಪ್ರಸನ್ನಕುಮಾರ್ ಅವರದು. ಅದೇ ಸಹಿಯನ್ನು ಸತ್ಯಭಾಮಾ ಬೆಳಿಗ್ಗೆ ದೂರಿನ ಕೆಳಗೆ ನೋಡಿದ್ದರು.

"ನನ್ನ ಹೆಸರು ಹಾಕಿ ಎಲ್ಲಾ ಬರ್ದಿದ್ದೆ ಮೇಡಂ. ಏಳು ಕಂಬಿ ಅಂತಾನೂ ಬರ್ದಿದ್ದೆ. ನಕ್ಷೆ ಯಾರದ್ದು ಅಂತ ಒಂದು ಸಲ ಬಾಯ್ಬಿಟ್ಟು ಹೇಳಿ, ಭವನಕ್ಕೆ ಬೀಗ ಹಾಕಿ, ನಾನೇ ಬಂದು ಸರಿ ಮಾಡೋ ದಾರಿ ತೋರಿಸ್ತೀನಿ, ಆಮೇಲೆ ಪೊಲೀಸಿಗೂ ಕೊಡಿ ಅಂತ. ಒಂದು ತಿಂಗಳು ಟೈಮ್ ಕೊಟ್ಟೆ. ಅವರು ಬಾಯಿ ಬಿಡ್ಲಿಲ್ಲ." ಸ್ವಲ್ಪ ತಡೆದು ಹೇಳಿದಳು. "ಇವತ್ತು ಬೆಳಿಗ್ಗೆ ತನಕ ಕಾದೆ. ಹೆದರಿ ಕೊನೆ ಗಳಿಗೇಲಾದ್ರೂ ನಿಲ್ಲಿಸ್ತಾರೆ ಅಂದ್ಕೊಂಡೆ."

ಸತ್ಯಭಾಮಾರಿಗೆ ತೊಲೆಯ ಅಡಿಯ ಹಸಿ ಬಣ್ಣದ ಅರ್ಥವಾಯಿತು. ಆ ಮನುಷ್ಯ ಪತ್ರ ಓದಿದ್ದ, ಬಿರುಕು ನೋಡಿದ್ದ, ಪುಟ್ಟಿ ಬಳಿಸಿದ್ದ. ಭವನದಲ್ಲಿ ದೋಷವಿದೆ ಎಂದರೆ ಅದು ಯಾರ ಭವನ ಎಂಬ ಮಾತು ಬರುತ್ತಿತ್ತು. ಅದಕ್ಕೆ ಬದಲು ಅವನು ಪೊಲೀಸರನ್ನು ಸುರುಳಿಯ ಹಿಂದೆ ಅಟ್ಟಿದ್ದ.

ಅವರು ಪ್ರಸನ್ನಕುಮಾರ್ ನಂಬರು ಒತ್ತಿ ಸ್ಪೀಕರ್ ಹಾಕಿದರು. ಎರಡೇ ರಿಂಗಿಗೆ ಎತ್ತಿದರು. ಹಿನ್ನೆಲೆಯಲ್ಲಿ ಮೈಕಿನ ಸದ್ದು, ಕುರ್ಚಿ ಎಳೆಯುವ ಸದ್ದು.

"ಸುರುಳಿ ಸಿಕ್ತಾ ಮೇಡಂ?"

"ಬಾಲ್ಕನಿ ಮೇಲೆ ಯಾರನ್ನೂ ಹತ್ತಿಸ್ಬೇಡಿ. ಹತ್ತಿದವರನ್ನ ಈಗಲೇ ಇಳಿಸಿ. ಕಾರಣ ನಿಮಗೆ ಗೊತ್ತು."

ಪ್ರಸನ್ನಕುಮಾರ್ ಸಮಾಧಾನದ ದನಿಯಲ್ಲಿ, ಮುಖ್ಯ ಅತಿಥಿಗಳು ಬೇಗ ಹೊರಡಬೇಕೆಂದು ಕಾರ್ಯಕ್ರಮವನ್ನು ಮೂರೂವರೆಗೇ ತಂದಿರುವುದಾಗಿ ಹೇಳಿದರು. ಪ್ರಾರ್ಥನೆಗೆ ಮೊದಲನೇ ವರ್ಷದ ಎಂಬತ್ತು ವಿದ್ಯಾರ್ಥಿಗಳು ಮೇಲೆ ಹೋಗುತ್ತಿದ್ದಾರೆ, ಈಗ ಏನನ್ನೂ ಬದಲಿಸಲು ಆಗುವುದಿಲ್ಲ ಎಂದರು. ಯಾರೋ ತಲೆಕೆಟ್ಟವರ ಮಾತು ಕಟ್ಟಿಕೊಂಡು ಗಾಬರಿಯಾಗಬೇಡಿ ಎಂದೂ ಸೇರಿಸಿದರು.

ಎಂಬತ್ತು ಎಂಬ ಮಾತು ಕೇಳಿ ಸ್ಪಂದನಾ ಮುಂದಕ್ಕೆ ಬಂದಳು. ಅವಳು ಫೋನನ್ನು ಕಿತ್ತುಕೊಂಡಳು.

"ಸರ್, ಅವರನ್ನ ಕೆಳಗಿಳಿಸಿ. ನೀವು ಏನೂ ಹೇಳೋದು ಬೇಡ. ಹೆಸರು ನಿಮ್ದೇ ಇರ್ಲಿ. ಕೈ ಮುಗೀತೀನಿ, ಇಳಿಸಿ ಸರ್. ನಾನು ಸ್ಪಂದನಾ."

ಮೆಟ್ಟಿಲ ಮೇಲೆ ಹುಡುಗರ ಚಪ್ಪಲಿಗಳ ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಅದರ ನಡುವೆ ಪ್ರಸನ್ನಕುಮಾರ್ ಕೇಳಿದರು.

"ಯಾವ ಸ್ಪಂದನಾ?"

ಫೋನು ಕಟ್ಟಾಯಿತು.